ಎರಡು ಬಗೆ: ಮಗಳಿಗೊಂದು ಪತ್ರ

ಮಗಳೇ,

ಆಶೀರ್ವಾದಗಳು. ಈ ಕಾಗದವನ್ನು ಮೂರು ಸಲ ಶುರು ಮಾಡಿ ಹರಿದು ಹಾಕಿದ್ದೇನೆ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಅಳುತ್ತೇನೆ, ನೀನು ಸುಮ್ಮನಾಗುತ್ತೀಯ, ಕೊನೆಗೆ ಇಬ್ಬರೂ ಊಟವಾಯಿತೇ ಎಂದು ಕೇಳಿ ಮುಗಿಸುತ್ತೇವೆ. ಸಹಕಾರ ಸಂಘದ ಲೆಕ್ಕದ ಬಗ್ಗೆ ನೀನು ಬರೆದ ದೂರಿನ ಮೇಲೆ, ಸಹಕಾರ ಕಾಯ್ದೆಯ 64ನೇ ಕಲಮಿನ ವಿಚಾರಣೆಗೆ ಹೇಳಿಕೆ ಕೊಡಲು ಮುಂದಿನ ವಾರ ಸೋಮವಾರ ಕರೆದಿದ್ದಾರೆ ಎಂದು ನಿನ್ನೆ ಎರಡೇ ಸಾಲಿನ ಸಂದೇಶ ಕಳಿಸಿದೆಯಲ್ಲ, ಅದನ್ನು ಓದಿದ ಮೇಲೆ ಇನ್ನು ತಡಮಾಡಬಾರದು ಎನ್ನಿಸಿತು.

ಆ ರಾತ್ರಿ ಏನಾಯಿತು ಎಂದು ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ನಾನು ಆಡಿದ ಒಂದು ಪದದ ಬಗ್ಗೆ ಮಾತ್ರ ಬರೆಯುತ್ತೇನೆ.

‘ಉಂಡ ಮನೆಗೆ ದ್ರೋಹ ಬಗೆದೆ’ ಎಂದೆ. ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಮಕ್ಕಳ ಪ್ರಬಂಧದಲ್ಲಿ ‘ಅತ್ಯಂತ ಭಯಂಕರ’ ಎಂದು ಕಂಡರೆ ಒಂದನ್ನು ಹೊಡೆದುಹಾಕುತ್ತಿದ್ದೆ. ಪದಕ್ಕೆ ತೂಕವಿದೆ, ತೂಗಿ ಇಡಿ ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ನನ್ನ ಸ್ವಂತ ಮಗಳ ಮುಂದೆ ಆ ತಕ್ಕಡಿ ಎಲ್ಲಿ ಹೋಗಿತ್ತೋ. ನೀನು ಹೋದ ಮೇಲೆ ನಾಲ್ಕು ದಿನ ಆ ಪದವನ್ನೇ ಹಿಡಿದುಕೊಂಡು ಕೂತಿದ್ದೇನೆ. ಅಟ್ಟದ ಮೇಲಿನ ನಿಘಂಟು ಇಳಿಸಿದೆ. ಅದರೊಳಗೆ ನೀನು ಏಳನೇ ಕ್ಲಾಸಿನಲ್ಲಿ ಇಟ್ಟ ನವಿಲುಗರಿ ಇನ್ನೂ ಇದೆ, ಹುಳ ಹಿಡಿದಿದೆ.

ಮೊದಲು ಆ ವಾಕ್ಯದ ಕ್ರಿಯಾಪದವನ್ನೇ ನೋಡು. ನಾವು ದ್ರೋಹವನ್ನು ‘ಮಾಡುತ್ತೇವೆ’ ಎನ್ನುವುದಕ್ಕಿಂತ ‘ಬಗೆಯುತ್ತೇವೆ’ ಎನ್ನುವುದು ಹೆಚ್ಚು. ಬಗೆ ಎಂದರೆ ಮನಸ್ಸು, ಬಗೆಯುವುದೆಂದರೆ ಎಣಿಸುವುದು, ಯೋಚಿಸುವುದು. ಕೈ ಎತ್ತುವ ಮೊದಲೇ ದ್ರೋಹ ಮನಸ್ಸಿನಲ್ಲಿ ಆಗಿಹೋಗಿರುತ್ತದೆ ಎಂದು ನಮ್ಮ ಹಿರಿಯರು ತಿಳಿದಿದ್ದರು. ಅಮರಕೋಶದಲ್ಲೂ ‘ವ್ಯಾಪಾದೋ ದ್ರೋಹಚಿಂತನಮ್’ ಎಂದು ಬರುತ್ತದೆ, ಅಲ್ಲೂ ಚಿಂತನೆಯೇ. ಸಂಸ್ಕೃತದ ಪದವನ್ನೇ ಬೇಡವೆಂದು ಬಿಟ್ಟರೂ ಕನ್ನಡದಲ್ಲಿ ‘ಎರಡು ಬಗೆಯುವುದು’ ಎಂಬ ಮಾತಿದೆ. ಉಂಡ ಮನೆಗೆ ಎರಡು ಬಗೆಯಬಾರದು. ಒಂದು ಬಗೆ ಹೊರಗೆ, ಒಂದು ಬಗೆ ಒಳಗೆ. ಒಳ್ಳೆಯ ಕನ್ನಡ. ಉಂಡ ಮನೆಯ ಜಂತೆ ಎಣಿಸುವುದು ಎಂದೂ ಹೇಳುತ್ತೇವೆ. ಅನ್ನ ಬಡಿಸಿದವನ ಎದುರು ಕೂತು, ತುತ್ತು ಎತ್ತುತ್ತಲೇ ಕಣ್ಣು ಮೇಲಕ್ಕೆ ಹಾಯಿಸಿ ಮಾಡಿನ ಮರ ಎಷ್ಟಿದೆ ಎಂದು ಲೆಕ್ಕ ಹಾಕುವ ಮನುಷ್ಯ. ನಿನ್ನ ಕೆಲಸವೇ ಲೆಕ್ಕ. ಎಣಿಸು ಎಂದು ಸಂಬಳ ಕೊಟ್ಟು ಕೂರಿಸಿದ ಮೇಲೆ ಎಣಿಸದೆ ಇನ್ನೇನು ಮಾಡುತ್ತಿದ್ದೆ?

ಇದೇ ಬಗೆ ಎಂಬ ಧಾತುವಿಗೆ ಅಗೆಯುವುದು, ಸೀಳುವುದು ಎಂಬ ಅರ್ಥವೂ ಇದೆ. ಭೀಮ ದುಶ್ಶಾಸನನ ಎದೆ ಬಗೆದ ಎನ್ನುತ್ತೇವಲ್ಲ, ಅದು. ಆ ರಾತ್ರಿ ನೀನು ಯಾವ ಅರ್ಥದಲ್ಲಿ ಕೇಳಿಸಿಕೊಂಡೆಯೋ.

ಇನ್ನು ವಿಭಕ್ತಿ. ಬೈಯಬೇಡ, ಇದನ್ನು ಬರೆಯದೆ ಇರಲಾರೆ. ‘ಅವನನ್ನು ದ್ರೋಹ ಬಗೆದಳು’ ಎನ್ನುವುದಿಲ್ಲ, ‘ಅವನಿಗೆ’ ಎನ್ನುತ್ತೇವೆ. ಚತುರ್ಥಿ. ಅನ್ನ ಕೊಡುವುದೂ ‘ಅವನಿಗೆ’, ದ್ರೋಹವೂ ‘ಅವನಿಗೆ’. ಸಂಸ್ಕೃತದಲ್ಲೂ ಹೀಗೆಯೇ. ಪಾಣಿನಿ ಇದಕ್ಕೊಂದು ಸೂತ್ರವನ್ನೇ ಮಾಡಿದ್ದಾನೆ: ‘ಕ್ರುಧದ್ರುಹೇರ್ಷ್ಯಾಸೂಯಾರ್ಥಾನಾಂ ಯಂ ಪ್ರತಿ ಕೋಪಃ’. ಸಿಟ್ಟು, ದ್ರೋಹ, ಈರ್ಷ್ಯೆ, ಅಸೂಯೆ, ಈ ನಾಲ್ಕನ್ನು ಹೇಳುವ ಧಾತುಗಳಿದ್ದಾಗ ಯಾರ ಮೇಲೆ ಕೋಪವಿದೆಯೋ ಅವರಿಗೆ ಚತುರ್ಥಿ. ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿ ಓದುವಾಗ ಒಬ್ಬ ಹಳೆಯ ಪಂಡಿತರು ಹೇಳಿಕೊಟ್ಟದ್ದು, ಪರೀಕ್ಷೆಗೆ ಬೇಕಿರಲಿಲ್ಲ, ಹೇಗೋ ಉಳಿದುಕೊಂಡಿತು. ಮೊನ್ನೆ ದೋಸೆ ಹಿಟ್ಟು ಕಲಸುವಾಗ ಅದರ ಕೊನೆಯ ಮೂರು ಪದ ನೆನಪಾಗಿ ಕೈ ನಿಂತಿತು. ಯಂ ಪ್ರತಿ ಕೋಪಃ. ನಿನಗೆ ನಿನ್ನ ಮಾವನ ಮೇಲೆ, ಸಂಘದ ಕಾರ್ಯದರ್ಶಿಯಾದ ನನ್ನ ಅಣ್ಣನ ಮೇಲೆ ಕೋಪವಿತ್ತೇ? ಇರಲಿಲ್ಲ. ದೂರು ಬರೆದ ದಿನವೂ ಅವನಿಗೆ ಮಧ್ಯಾಹ್ನದ ಬುತ್ತಿ ಕೊಂಡುಹೋದವಳು ನೀನೇ. ಅಂದು ರಾತ್ರಿ ಅಡುಗೆಮನೆಯಲ್ಲಿ ಕೋಪವಿದ್ದದ್ದು ಯಾರಿಗೆ, ಯಾರ ಮೇಲೆ ಎಂದು ಲೆಕ್ಕ ಹಾಕಿದರೆ ಸೂತ್ರ ತಿರುಗಿ ನನ್ನ ಕಡೆಗೇ ಬರುತ್ತದೆ.

ಹಾಗೆಂದು ನೀನು ಮಾಡಿದ್ದು ಎಲ್ಲವೂ ಸರಿ ಎಂದು ಹೇಳುತ್ತಿಲ್ಲ. ಅದನ್ನೂ ಬರೆದುಬಿಡುತ್ತೇನೆ. ನನಗೆ ಮೊದಲು ಹೇಳಬಹುದಿತ್ತು. ಒಂದು ಮಾತು. ಅಪ್ಪ ತೀರಿದಾಗ ಅವನಿಗೆ ಹತ್ತೊಂಬತ್ತು ವರ್ಷ, ನನಗೆ ಹನ್ನೆರಡು. ಓದು ಬಿಟ್ಟು ತೋಟಕ್ಕೆ ಇಳಿದವನು. ಕೊಟ್ಟಿಗೆಯ ಎಮ್ಮೆ ಮಾರಿ ನನ್ನ ಟಿ.ಸಿ.ಎಚ್. ಶುಲ್ಕ ಕಟ್ಟಿದವನು. ನಿನ್ನ ಬಿ.ಕಾಂ.ಗೂ ಅವನೇ ಕಟ್ಟಿದ. ಆ ಕೆಲಸ ಕೊಡಿಸಿದ್ದೂ ಅವನೇ. ಹಳಗನ್ನಡದಲ್ಲಿ ‘ಜೋಳದ ಪಾಳಿ’ ಎಂದು ಒಂದು ಮಾತಿದೆ, ಕಾವ್ಯದಲ್ಲೂ ಇದೆ, ಶಾಸನದಲ್ಲೂ ಇದೆ. ಉಂಡ ಜೋಳದ ಋಣ, ಅದನ್ನು ತೀರಿಸಬೇಕಾದ ಕಟ್ಟುಪಾಡು. ಒಡೆಯನ ಅನ್ನ ತಿಂದವನು ಒಡೆಯನಿಗಾಗಿ ತಲೆ ಕೊಡಬೇಕು. ಹಳೇಬೀಡಿಗೆ ಶಾಲೆಯ ಪ್ರವಾಸ ಹೋದಾಗ ಕುವರ ಲಕ್ಷ್ಮನ ಕಂಬ ತೋರಿಸಿದ್ದೆ, ನೆನಪಿದೆಯೇ? ಎರಡನೇ ವೀರಬಲ್ಲಾಳನ ಗರುಡ, ಎಂದರೆ ಒಡೆಯನೊಂದಿಗೇ ಸಾಯುವೆನೆಂದು ವ್ರತ ತೊಟ್ಟ ಅಂಗರಕ್ಷಕ. ಕತ್ತಿ ಹಿಡಿದು ತಮ್ಮ ತಲೆ ತಾವೇ ಕಡಿದುಕೊಳ್ಳುವ ಆಳುಗಳ ಚಿಕ್ಕ ಚಿಕ್ಕ ಕೆತ್ತನೆ. ನಿಷ್ಠೆ ಎಂದರೆ ಇದು ಮಕ್ಕಳೇ ಎಂದು ಎದೆಯುಬ್ಬಿಸಿ ಹೇಳಿದ್ದೆ. ನೀವೆಲ್ಲ ಐಸ್‌ಕ್ರೀಂ ಗಾಡಿಯ ಕಡೆ ನೋಡುತ್ತಿದ್ದಿರಿ. ಈಗ ಆ ಕಂಬ ನೆನೆದರೆ ಹೆದರಿಕೆಯಾಗುತ್ತದೆ. ಅಷ್ಟು ವರ್ಷ ಅದನ್ನು ಪಾಠ ಮಾಡಿದ ನನ್ನ ಬಗ್ಗೆಯೂ.

ನನ್ನ ತಲೆಯಲ್ಲಿ ತಿರುಗುತ್ತಿರುವುದು ಮಾತ್ರ ಆ ಕಂಬವಲ್ಲ. ಆ ತಾಳಮದ್ದಳೆಯ ರಾತ್ರಿ.

ನಿನಗೆ ಒಂಬತ್ತು ವರ್ಷ. ಶ್ರಾವಣದ ಮಳೆ. ದೇವಸ್ಥಾನದ ಚಂದ್ರಶಾಲೆಯಲ್ಲಿ ‘ಕರ್ಣಭೇದನ’. ನಿನ್ನ ಮಾವ ಕರ್ಣ, ದೂರದಿಂದ ಬಂದ ಅರ್ಥಧಾರಿ ಕೃಷ್ಣ. ವೇಷವಿಲ್ಲ, ಬಣ್ಣವಿಲ್ಲ. ಪಂಚೆ, ಶಾಲು, ಎದುರಿಗೆ ಒಂದು ಲೋಟ ಬಿಸಿನೀರು, ಅಷ್ಟೇ. ಮಾಡಿನಿಂದ ಒಂದು ಕಡೆ ಸೋರುತ್ತಿತ್ತು, ಯಾರೋ ಹಿತ್ತಾಳೆಯ ಕೊಳಗ ಇಟ್ಟಿದ್ದರು. ಮದ್ದಳೆ ನಿಂತಾಗೆಲ್ಲ ಕೊಳಗದ ಟಪ್ ಟಪ್ ಕೇಳುತ್ತಿತ್ತು. ನೀನು ನನ್ನ ಮಡಿಲಲ್ಲಿ ತಲೆ ಇಟ್ಟು ಮಲಗಿದ್ದೆ, ನಿದ್ದೆ ಹೋಗಿದೆ ಎಂದುಕೊಂಡಿದ್ದೆ. ಕೃಷ್ಣ ಹೇಳಿ ಮುಗಿಸಿದ: ನೀನು ಸೂತಪುತ್ರನಲ್ಲ, ಕುಂತಿಯ ಮಗ, ಪಾಂಡವರು ನಿನ್ನ ತಮ್ಮಂದಿರು, ಬಾ. ನಿನ್ನ ಮಾವ ಕುಮಾರವ್ಯಾಸನ ಷಟ್ಪದಿಗೆ ಹೋದ. ‘ಹೊರೆದ ದಾತಾರಂಗೆ ಹಗೆವರ ಶಿರವನರಿದೊಪ್ಪಿಸುವೆನೆಂಬೀ ಭರದೊಳಿರ್ದೆನು’ ಎಂದು ಏರಿಸಿ, ‘ಕೌರವೇಂದ್ರನ ಕೊಂದೆ ನೀನೆಂದ’ ಎಂದು ಇಳಿಸಿದ. ಇಳಿಸಿದವನು ಶಾಲಿನ ತುದಿಯಿಂದ ಮುಖ ಒರೆಸಿಕೊಂಡ. ಆ ನಿಶ್ಶಬ್ದದಲ್ಲಿ ನೀನು ತಲೆ ಎತ್ತಿ, ಗಟ್ಟಿಯಾಗಿ, ಇಡೀ ಚಂದ್ರಶಾಲೆಗೆ ಕೇಳುವ ಹಾಗೆ, ‘ಅಮ್ಮಾ, ಹಾಗಾದರೆ ತಮ್ಮಂದಿರ ಮೇಲೆ ಬಾಣ ಬಿಡುವುದು ದ್ರೋಹ ಅಲ್ಲವಾ?’ ಎಂದೆ.

ಎಲ್ಲರೂ ನಕ್ಕರು. ಭಾಗವತರು ಜಾಗಟೆಯ ಮೇಲೆ ಕೈ ಇಟ್ಟುಕೊಂಡೇ ನಕ್ಕರು. ನಿನ್ನ ಮಾವ ನಗಲಿಲ್ಲ. ಕರ್ಣನಾಗಿಯೇ ನಿನ್ನ ಕಡೆ ತಿರುಗಿ, ‘ಮಗೂ, ಅದು ಗೊತ್ತಿರುವುದರಿಂದಲೇ ನಾನು ಗೆಲ್ಲುವ ಯುದ್ಧಕ್ಕೆ ಹೋಗುತ್ತಿಲ್ಲ’ ಎಂದ. ಚಪ್ಪಾಳೆಯೋ ಚಪ್ಪಾಳೆ. ಮಳೆ ಬಿಟ್ಟ ಮೇಲೆ ನಿನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಟಾರ್ಚ್ ಹಿಡಿದು ಮನೆಯವರೆಗೆ ಬಂದ. ಆ ಪ್ರಶ್ನೆಯನ್ನು ನಾನು ಎಷ್ಟು ಜನರಿಗೆ ಹೇಳಿಕೊಂಡು ಮೆರೆದಿಲ್ಲ! ಒಂಬತ್ತು ವರ್ಷದ ಮಗು ಕೇಳಿದ್ದು ನೋಡಿ ಎಂದು. ಸಿಬ್ಬಂದಿ ಕೋಣೆಯಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೆ. ನೀನು ಅದನ್ನೇ ದೊಡ್ಡವಳಾಗಿ ಕೇಳಿದರೆ ಮಾತ್ರ ನನಗೆ ತಡೆದುಕೊಳ್ಳಲಾಗಲಿಲ್ಲ.

ಆ ಪದ್ಯವನ್ನು ಮತ್ತೆ ಓದಿದೆ. ಅದರಲ್ಲಿ ದ್ರೋಹ ಎಂಬ ಪದವೇ ಇಲ್ಲ. ‘ಹೊರೆದ ದಾತಾರ’ ಇದೆ, ಸಾಕಿ ಸಲಹಿದ ಒಡೆಯ. ಹೊರೆ ಎಂದರೆ ಪೋಷಿಸು. ತಲೆಯ ಮೇಲಿನ ಭಾರಕ್ಕೂ ಹೊರೆ ಎನ್ನುತ್ತೇವೆ. ಬೇರೆ ಬೇರೆ ಪದಗಳೇ, ವ್ಯಾಕರಣದ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ, ಇರಲಿ. ಇನ್ನು ಕೊನೆಯ ಸಾಲು. ‘ಕೌರವೇಂದ್ರನ ಕೊಂದೆ ನೀನು.’ ಕರ್ಣ ಕೃಷ್ಣನಿಗೆ ಹೇಳುವುದು ಅದನ್ನೇ: ನನ್ನ ಹುಟ್ಟನ್ನು ನನಗೆ ತಿಳಿಸಿದೆಯಲ್ಲ, ಆ ತಿಳಿವೇ ಕೌರವನನ್ನು ಕೊಂದಿತು. ಇನ್ನು ನಾನು ಅವನ ಪಕ್ಕದಲ್ಲಿ ನಿಂತರೂ ಮೊದಲಿನ ಕರ್ಣನಲ್ಲ. ಪಕ್ಷ ಬದಲಿಸಿದ್ದಕ್ಕಲ್ಲ, ತಿಳಿದದ್ದಕ್ಕೆ. ನೀನು ಆ ಖಾತೆ ಪುಸ್ತಕದ ಪುಟ ತೆರೆದ ಗಳಿಗೆಯಲ್ಲಿಯೇ ಆಗಬೇಕಾದ್ದೆಲ್ಲ ಆಗಿಹೋಗಿತ್ತು. ಆಮೇಲೆ ನೀನು ಬರೆದಿದ್ದರೂ ಅಷ್ಟೇ, ಬರೆಯದೆ ಅವನ ಪಕ್ಕದ ಮೇಜಿನಲ್ಲಿ ನಿವೃತ್ತಿಯವರೆಗೆ ಕೂತಿದ್ದರೂ ಅಷ್ಟೇ. ಇದು ನನಗೆ ಅರ್ಥವಾಗುವುದಕ್ಕೆ ನಾಲ್ಕು ದಿನ ಬೇಕಾಯಿತು. ಇಷ್ಟು ವರ್ಷ ಅದನ್ನೇ ಪಾಠ ಮಾಡಿದವಳಿಗೆ!

ಪದದ ಇನ್ನೊಂದು ಸಂಗತಿ. ಸಂಸ್ಕೃತದ ಹಳೆಯ ಅರ್ಥದಲ್ಲಿ ದ್ರೋಹವನ್ನು ಯಾರಿಗೆ ಬೇಕಾದರೂ ಬಗೆಯಬಹುದು, ಅದು ಕೇಡು ಎಣಿಸುವುದು ಅಷ್ಟೇ. ಕನ್ನಡದಲ್ಲಿ ಹಾಗಲ್ಲ. ಶತ್ರು ನಮಗೆ ದ್ರೋಹ ಬಗೆದ ಎಂದು ಯಾರೂ ಹೇಳುವುದಿಲ್ಲ. ಶತ್ರು ಕೇಡು ಮಾಡುತ್ತಾನೆ. ದ್ರೋಹಕ್ಕೆ ನಮ್ಮವರೇ ಬೇಕು. ಮಿತ್ರದ್ರೋಹ, ಗುರುದ್ರೋಹ, ಸ್ವಾಮಿದ್ರೋಹ. ನಂಬಿಕೆಯ ಬಾಗಿಲು ಮೊದಲೇ ತೆರೆದಿರಬೇಕು. ಅದಕ್ಕೇ ಈ ಪದ ಬೈಗುಳವಾದರೂ ಅದರೊಳಗೆ ‘ನೀನು ನನ್ನವಳು’ ಎಂಬುದು ಇದ್ದೇ ಇರುತ್ತದೆ. ಇದು ನನ್ನನ್ನು ಸಮರ್ಥಿಸಿಕೊಳ್ಳುವ ಮಾತು ಎಂದು ನೀನು ಹೇಳಬಹುದು. ಹೌದು, ಸ್ವಲ್ಪ ಹಾಗೂ ಇದೆ.

ನನ್ನ ಹೆದರಿಕೆ ಬೇರೆಯೇ. ಊರು ಹೆಸರಿಡುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಮೀರ್ ಸಾದಿಕ್ ಎಂಬುದು ಅಂದಿನಿಂದ ಮನುಷ್ಯನ ಹೆಸರಾಗಿ ಉಳಿಯಲಿಲ್ಲ, ಬೈಗುಳವಾಯಿತು. ಸಾದಿಕ್ ಎಂದರೆ ಅರಬ್ಬಿಯಲ್ಲಿ ಸತ್ಯವಂತ ಎಂದು ಅರ್ಥ, ಯಾರಿಗೆ ಬೇಕಾಗಿದೆ ಅದು ಈಗ? ಅವನದು ದ್ರೋಹ, ಬಿಡು. ವಿಭೀಷಣನನ್ನು ತೆಗೆದುಕೋ. ಅಣ್ಣನ ಅಧರ್ಮ ಸಹಿಸದೆ ಬಿಟ್ಟು ಬಂದವನು. ಅವನನ್ನು ಚಿರಂಜೀವಿಗಳ ಶ್ಲೋಕದಲ್ಲಿ ಸೇರಿಸಿ ದಿನಾ ಬೆಳಿಗ್ಗೆ ಹೇಳುತ್ತೇವೆ. ಆದರೆ ಹುಟ್ಟಿದ ಗಂಡುಮಗುವಿಗೆ ವಿಭೀಷಣ ಎಂದು ಹೆಸರಿಟ್ಟ ಒಂದು ಮನೆ ತೋರಿಸು. ಮೂವತ್ತೆರಡು ವರ್ಷ ಹಾಜರಿ ಕೂಗಿದ್ದೇನೆ, ಒಬ್ಬನೂ ಇರಲಿಲ್ಲ. ಸರಿ ಮಾಡಿದವನಿಗೂ ಊರು ಮಾಡುವುದು ಇಷ್ಟೇ. ನಮಸ್ಕಾರ ಮಾಡುತ್ತದೆ, ಮನೆಯೊಳಗೆ ಕರೆಯುವುದಿಲ್ಲ. ನಿನ್ನನ್ನು ಅಡಿಕೆ ಸುಲಿಯುವ ಅಂಗಳಗಳಲ್ಲಿ ಏನೆಂದು ಕರೆಯುತ್ತಾರೋ ಎಂದು ರಾತ್ರಿ ಎಚ್ಚರವಾಗುತ್ತದೆ. ನಿನಗೆ ಮದುವೆಯಾಗಬೇಕು ಎಂದು ನಾನು ಹೇಳುತ್ತಿಲ್ಲ, ಆ ವಿಷಯ ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಆದರೂ ಎತ್ತಿದೆ. ಇಲ್ಲಿಗೆ ಬಿಡುತ್ತೇನೆ.

ಊರು ಕರೆಯುವ ಮೊದಲು ಕರೆದದ್ದು ನಾನೇ ಎಂಬುದನ್ನು ಮರೆತು ಇದನ್ನೆಲ್ಲ ಬರೆಯುತ್ತಿದ್ದೇನೆ ನೋಡು.

ಪೇಪರಿನವರೂ ಈ ಪದವನ್ನು ಸವೆಸಿದ್ದಾರೆ. 1870ರಲ್ಲಿ ಬ್ರಿಟಿಷರು ದಂಡಸಂಹಿತೆಗೆ ಸೇರಿಸಿದ 124ಎ ಕಲಂ ರಾಜದ್ರೋಹದ್ದು. ಪತ್ರಿಕೆಗಳಲ್ಲಿ ಅದು ಎಷ್ಟೋ ಸಲ ದೇಶದ್ರೋಹ ಎಂದೇ ಅಚ್ಚಾಯಿತು. ರಾಜ ಹೋಗಿ ದೇಶ ಬಂದರೆ ಅರ್ಥವೇ ಬೇರೆಯಾಗುತ್ತದೆ ಎಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 1922ರಲ್ಲಿ ಗಾಂಧಿಯವರು ಅಹಮದಾಬಾದಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ಕಾನೂನಿನಿಂದ ಪ್ರೀತಿಯನ್ನು ಹುಟ್ಟಿಸಲಾಗುವುದಿಲ್ಲ ಎಂದು ಹೇಳಿ ಆರು ವರ್ಷದ ಶಿಕ್ಷೆ ಪಡೆದರು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಆ ಹೆಸರಿನ ಅಪರಾಧ ಇಲ್ಲ. 152ನೇ ಕಲಂ ಬೇರೆ ಮಾತುಗಳಲ್ಲಿ ಇದೆ. ಪುಸ್ತಕದಿಂದ ಹೋದರೇನು, ನಾಲಿಗೆಯಲ್ಲಿ ಸಲೀಸಾಗಿ ಕೂತಿದೆ. ನನ್ನ ನಾಲಿಗೆಯಲ್ಲೂ ಅದು ಅಲ್ಲಿಂದಲೇ ಬಂದು ಕೂತಿತ್ತೋ ಏನೋ.

ನಿಜವಾಗಿ ಒಡೆದುಹೋದವರು ಈ ಪದವನ್ನು ಬಳಸಬೇಕೆಂದೇನೂ ಇಲ್ಲ. ಬಸವಣ್ಣನವರ ಆ ವಚನ ನೋಡು. ‘ಒಲೆ ಹತ್ತಿ ಉರಿದಡೆ ನಿಲಬಹುದಲ್ಲದೆ ಧರೆ ಹತ್ತಿ ಉರಿದಡೆ ನಿಲಬಾರದು.’ ಏರಿಯೇ ನೀರು ಕುಡಿದರೆ, ಬೇಲಿಯೇ ಹೊಲ ಮೇಯ್ದರೆ, ತಾಯಿಯ ಮೊಲೆಹಾಲು ನಂಜಾಗಿ ಕೊಂದರೆ ಇನ್ನು ಯಾರಿಗೆ ದೂರಲಿ ಎನ್ನುತ್ತಾರೆ. ದ್ರೋಹದ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಮಾತು ಇನ್ನೊಂದಿಲ್ಲ, ದ್ರೋಹ ಎಂಬ ಎರಡಕ್ಷರವೇ ಇಲ್ಲ. ಮಕ್ಕಳಿಗೆ ಇದನ್ನು ಓದಿಸುವಾಗ ಬೇಲಿ ಎಂದರೆ ಅಧಿಕಾರಿ ಎಂದು ಬರೆಸುತ್ತಿದ್ದೆ. ಸಂಘದ ಕಾರ್ಯದರ್ಶಿಯೂ ಬೇಲಿಯೇ ಎಂದು ಆಗ ಹೊಳೆಯಲಿಲ್ಲ. ಹೊಳೆಯುವುದು ಹೇಗೆ, ಆ ಬೇಲಿಯ ನೆರಳಿನಲ್ಲೇ ನಾನು ಬೆಳೆದದ್ದು.

ಮೊಲೆಹಾಲು ನಂಜಾಗುವ ಆ ಸಾಲನ್ನು ಮಾತ್ರ ನಿನ್ನ ಕಡೆಯಿಂದ ಓದಿದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಈಗ ಒಂದು ಪ್ರಶ್ನೆ. ತೀರಿಹೋದ ಸದಸ್ಯರ ಹೆಸರಿನಲ್ಲಿ ಸಾಲ ತೆಗೆದ ಹತ್ತು ಹೆಸರು ಸಿಕ್ಕಿದೆ ಎಂದು ನೀನು ನನಗೆ ಹೇಳಿದ್ದೆ. ನಾನೂ ಹತ್ತೇ ಎಂದುಕೊಂಡಿದ್ದೆ. ಗುರುವಾರ ನನಗೊಂದು ನೋಟಿಸು ಬಂತು, ‘ಮೃತ ಸದಸ್ಯರ ವಾರಸುದಾರರು’ ಎಂದು. ಹನ್ನೊಂದನೆಯ ಹೆಸರು ಭಾಗೀರಥಿ. ನನ್ನ ಅಮ್ಮ.

ನೀನು ಬಲ್ಲೆ. ಬಲ್ಲವಳು ನನ್ನ ಮುಂದೆ ಹತ್ತಕ್ಕೆ ನಿಲ್ಲಿಸಿದೆ. ನಾನು ಅಷ್ಟೆಲ್ಲ ಕೂಗಾಡಿದಾಗಲೂ ಆ ಒಂದು ಹೆಸರನ್ನು ತೆಗೆದು ನನ್ನ ಬಾಯಿ ಮುಚ್ಚಿಸಬಹುದಿತ್ತು, ಮುಚ್ಚಿಸಲಿಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣಭೂಮಿಯಲ್ಲಿ ಕರ್ಣನ ಹೆಣದ ಮುಂದೆ ನಿಂತು, ನೀನು ಯಾರೆಂದು ನಾನು ಬಲ್ಲೆ, ಪೃಥೆ (ಕುಂತಿ) ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ ಎನ್ನುತ್ತಾನೆ. ಗೊತ್ತಿದ್ದೂ ಬಾಯಿ ಬಿಡದೆ ಗೆಳೆಯನಾಗಿಯೇ ಉಳಿದವನು. ಹೀಗೆ ಬಚ್ಚಿಡುವುದಕ್ಕೆ ಏನು ಹೆಸರು ಎಂದು ನಿಘಂಟಿನಲ್ಲಿ ಎಲ್ಲಿ ಹುಡುಕಲಿ?

ನಿನ್ನೆ ಸಂಜೆ ಸಂಘದ ನಿರ್ದೇಶಕರೊಬ್ಬರು ಬಂದಿದ್ದರು. ಸಾಲಪತ್ರ ನೋಡಿದ್ದಾರಂತೆ. ಕಾಫಿ ಕುಡಿಯುತ್ತ, ‘ನಿಮ್ಮ ತಾಯಿಯವರು ಹೆಬ್ಬೆಟ್ಟು ಒತ್ತುತ್ತಿದ್ದರಲ್ಲವೇ?’ ಎಂದು ಕೇಳಿದರು. ಸಹಜವಾಗಿಯೇ ಕೇಳಿದರು. ನಾನು ಇನ್ನೊಂದು ಲೋಟ ಕಾಫಿ ಬೇಕೇ ಎಂದೆ.

ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಹುಟ್ಟುವ ಮೊದಲಿನ ಮಾತು. ಸಾಕ್ಷರತಾ ಆಂದೋಲನ ಬಂದಾಗ ಊರಿನ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ, ಅಮ್ಮ ನನ್ನ ಮೊದಲ ವಿದ್ಯಾರ್ಥಿನಿ. ಭಾ, ಗೀ ಎರಡೂ ಸಲೀಸು. ಥ ಬರಲಿಲ್ಲ. ಹೊಟ್ಟೆಯೊಳಗಿನ ಚುಕ್ಕೆ ಮರೆಯುತ್ತಿದ್ದಳು. ಎಷ್ಟು ತಿದ್ದಿದರೂ ‘ಭಾಗೀರಧಿ’ ಎಂದೇ ಬರೆಯುತ್ತಿದ್ದಳು. ನಾನು ಸಿಡುಕುತ್ತಿದ್ದೆ. ಅವಳು, ‘ನನ್ನ ಹೆಸರು, ನಾನು ಹೇಗೆ ಬೇಕಾದರೂ ಬರೆಯುತ್ತೇನೆ, 60 ವರ್ಷ ಹೆಬ್ಬೆಟ್ಟಿಗೆ ಮಸಿ ಬಳಿದುಕೊಂಡದ್ದು ಸಾಕು’ ಎನ್ನುತ್ತಿದ್ದಳು. ಆಮೇಲೆ ಸಾಯುವವರೆಗೆ ಒಮ್ಮೆಯೂ ಹೆಬ್ಬೆಟ್ಟು ಒತ್ತಲಿಲ್ಲ. ಮತದಾನದ ಕೇಂದ್ರದಲ್ಲಿ ಗುಮಾಸ್ತ ಮಸಿಯ ಪ್ಯಾಡ್ ಮುಂದೆ ಹಿಡಿದರೆ ಅವನಿಗೆ ಬೈದು ಪೆನ್ನು ಕಿತ್ತುಕೊಂಡವಳು. ಇದು ಅಣ್ಣನಿಗೂ ಗೊತ್ತು. ಅವನಿಗೆ ಅದು ಮರೆತಿತ್ತೋ, ಸಹಿಯನ್ನು ಅನುಕರಿಸಲು ಕೈ ಬರಲಿಲ್ಲವೋ. ಕೈ ಬರಲಿಲ್ಲ ಎಂದೇ ನಂಬಿಕೊಂಡಿದ್ದೇನೆ.

ಆ ತಾಳಮದ್ದಳೆಯ ರಾತ್ರಿಗೆ ಮತ್ತೆ ಬರುತ್ತೇನೆ, ಇದು ಕೊನೆಯ ಸಲ. ಅವನು ಅಂದು ಕೊಟ್ಟ ಉತ್ತರದಲ್ಲಿ ಉತ್ತರ ಇರಲಿಲ್ಲ. ದ್ರೋಹ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಳ್ಳೆಯ ಅರ್ಥಧಾರಿಗಳಿಗೆ ಇದು ಸುಲಭ. ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಚಪ್ಪಾಳೆ ತೆಗೆದುಕೊಂಡುಬಿಡುತ್ತಾರೆ. ನಾನೂ ಚಪ್ಪಾಳೆ ತಟ್ಟಿದವಳೇ. ನೀನು ಮಾತ್ರ ತಟ್ಟಲಿಲ್ಲ. ನನ್ನ ಸೆರಗು ಜಗ್ಗಿ, ‘ಹೇಳಲೇ ಇಲ್ಲ’ ಎಂದೆ. ಜನರಿಗೆ ಈ ಕತೆ ಹೇಳುವಾಗಲೆಲ್ಲ ಆ ಎರಡು ಪದವನ್ನು ಬಿಟ್ಟುಬಿಡುತ್ತಿದ್ದೆ.

ಗೀತೆಯ ಹದಿನಾರನೇ ಅಧ್ಯಾಯದಲ್ಲಿ ದೈವೀ ಗುಣಗಳ ಪಟ್ಟಿ ಬರುತ್ತದೆ. ‘ಅದ್ರೋಹೋ ನಾತಿಮಾನಿತಾ.’ ಅದ್ರೋಹದ ಮರುಪದವೇ ಅತಿಯಾದ ಅಭಿಮಾನ ಇಲ್ಲದಿರುವುದು. ಇವೆರಡನ್ನು ಏಕೆ ಒಟ್ಟಿಗೆ ಕೂರಿಸಿದ್ದಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನನ್ನ ತವರು, ನನ್ನ ಅಣ್ಣ, ನನ್ನ ಮನೆತನ ಎಂದು ಆ ರಾತ್ರಿ ಎಷ್ಟು ಸಲ ಅಂದೆ? ಎಣಿಸಿದ್ದರೆ ಹೇಳು, ನೀನು ಎಣಿಸಿಯೇ ಇರುತ್ತೀಯ.

ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕ್ಷಮಿಸು ಎಂದು ಬರೆಯಲು ಹೋದರೆ ಅದು ಅರ್ಜಿಯ ಹಾಗೆ ಕಾಣುತ್ತದೆ, ಆದರೂ ಬರೆಯುತ್ತೇನೆ. ಕ್ಷಮಿಸು.

ಸೋಮವಾರದ ಬಗ್ಗೆ ಎರಡು ಮಾತು, ಮೇಷ್ಟ್ರಿಣಿಯ ಮಾತು ಎಂದೇ ಕೇಳು. ಹೇಳಿಕೆಯಲ್ಲಿ ವಿಶೇಷಣ ಬಳಸಬೇಡ. ಮೋಸ, ವಂಚನೆ, ದ್ರೋಹ ಯಾವುದೂ ಬೇಡ. ಅವುಗಳನ್ನು ಬರೆಯುವ ಕೆಲಸ ಬೇರೆಯವರದ್ದು, ಅವರಿಗೆ ಅದಕ್ಕೆ ಸಂಬಳವಿದೆ. ತಾರೀಖು, ಪುಟ ಸಂಖ್ಯೆ, ಮೊತ್ತ, ನೀನು ಕಣ್ಣಿನಿಂದ ಕಂಡದ್ದು. ‘ನನಗನಿಸುತ್ತದೆ’ ಎಂದು ಶುರುವಾಗುವ ವಾಕ್ಯ ಬಂದರೆ ನಾಲಿಗೆ ಕಚ್ಚಿಕೋ. ಅವನ ಮುಖ ನೋಡಿಕೊಂಡು ಹೇಳು, ನೆಲ ನೋಡಬೇಡ. ನೆಲ ನೋಡಿದರೆ ನೀನು ತಪ್ಪಿತಸ್ಥಳ ಹಾಗೆ ಕಾಣುತ್ತೀಯ. ಅವನ ಬಗ್ಗೆ ಒಳ್ಳೆಯದನ್ನು ಕೇಳಿದರೆ ಅದನ್ನೂ ಪೂರ್ತಿ ಹೇಳು, ಎಮ್ಮೆ ಮಾರಿದ್ದನ್ನೂ ಹೇಳು. ಬೆಳಿಗ್ಗೆ ತಿಂಡಿ ತಿನ್ನದೆ ಹೋಗಬೇಡ. ನಿನಗೆ ಹಸಿದರೆ ಧ್ವನಿ ಏರುತ್ತದೆ, ನನ್ನಿಂದ ಬಂದದ್ದು.

ಒಂದು ಸುದ್ದಿ. ಬರುವ ಶನಿವಾರ ಮತ್ತೆ ತಾಳಮದ್ದಳೆ ಇದೆ, ಕರ್ಣಪರ್ವ. ವರ್ಷವೂ ಅಣ್ಣನದೇ ಕರ್ಣ. ಭಾಗವತರು ಹೇಳಿದರು, ಈ ಸಲ ಕರ್ಣ ಬೇಡ, ಶಲ್ಯ ಮಾಡುತ್ತೇನೆ ಎಂದು ತಾನಾಗಿಯೇ ಹೇಳಿ ಕಳಿಸಿದ್ದಾನಂತೆ. ಕೌರವನ ಸತ್ಕಾರ ಉಂಡು, ಧರ್ಮರಾಯನಿಗೆ ಗುಟ್ಟಾಗಿ ಮಾತು ಕೊಟ್ಟು, ಸಾರಥಿಯಾಗಿ ಕೂತು ಕರ್ಣನ ತೇಜೋವಧೆ ಮಾಡಿದವನು. ಯಾಕೆ ಶಲ್ಯ ಎಂದು ನಾನು ಕೇಳಿಲ್ಲ. ಬೆಳಿಗ್ಗೆ ಹಳೆಯ ಪ್ರಸಂಗದ ಪುಸ್ತಕ ಕೇಳಿಕೊಂಡು ಬಂದಿದ್ದ. ಜಗಲಿಯಲ್ಲೇ ನಿಂತ, ಒಳಗೆ ಬರಲಿಲ್ಲ. ಪುಸ್ತಕ ಕೊಟ್ಟೆ. ನೋಟಿಸಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗೇಟಿನ ಹತ್ತಿರ ಹೋದವನು ತಿರುಗಿ, ಅಮ್ಮನ ಟ್ರಂಕು ಇನ್ನೂ ಇದೆಯೇ ಎಂದು ಕೇಳಿದ. ಇದೆ ಎಂದೆ.

ಅವನು ಹೋದ ಮೇಲೆ ಟ್ರಂಕು ತೆಗೆದೆ. ಸಂಘದ ಹಳೆಯ ಪಾಸ್‌ಪುಸ್ತಕ ಸೀರೆಯ ಮಡಿಕೆಯೊಳಗೆ ಇತ್ತು. ಮೊದಲ ಪುಟದಲ್ಲಿ, ‘ಸದಸ್ಯರ ಸಹಿ’ ಎಂಬಲ್ಲಿ, ಚುಕ್ಕೆಯಿಲ್ಲದ ಥ. ಲಕೋಟೆ ದಪ್ಪವಿದೆ ಎಂದು ಅಂಚೆಯವರು ಹೆಚ್ಚಿಗೆ ಟಿಕೆಟ್ಟು ಹಚ್ಚಿಸಿದ್ದಾರೆ. ತೆರೆಯುವಾಗ ಕತ್ತರಿ ಹಾಕಬೇಡ, ಹಾಳೆ ಹಳತು, ಬೇಗ ಹರಿಯುತ್ತದೆ.

ನಿನ್ನ,
ಅಮ್ಮ